ಅರ್ಧ ಗಂಟೆ ನೆಟ್ಟಗೆ

ಭಾನುವಾರ ಐದೂವರೆಗೆ, ಬರೀ ಹೊಟ್ಟೆಗೆ ಒಂದು ಮಾತ್ರೆ,
ತುಂಬಿದ ಲೋಟ ನೀರು.
ಆಮೇಲೆ ಅರ್ಧ ಗಂಟೆ ಮಲಗಬಾರದು, ಬಾಗಬಾರದು,
ಚಹಾ ಮುಟ್ಟಬಾರದು.
ಶಂಕರಪುರದಲ್ಲಿ ಆ ಹೊತ್ತಿಗೆ ನೆಟ್ಟಗೆ ಕೂತ ಹೆಂಗಸು
ನಾನೊಬ್ಬಳೇ ಇರಬೇಕು.
ಉಳಿದವರೆಲ್ಲ ಗಿಡದ ಮೇಲೆ ಬಾಗಿದ್ದಾರೆ,
ಬಿರಿಯುವ ಮೊದಲು ಕೊಯ್ಯಬೇಕಲ್ಲ.
ಅದು ಪೌಲಿನಳ ಟಾರ್ಚು, ಆಚೆಯದ್ದು ವಾರಿಜಕ್ಕನದ್ದು.
ನನ್ನ ಗಿಡಗಳ ಹತ್ತಿರ ಮಾತ್ರ ಕತ್ತಲೆ.
ಆರು ಗಂಟೆ ಆಗಲಿ, ಬಂದೆ, ಎನ್ನುತ್ತೇನೆ ಅವಕ್ಕೆ.

ಹೋದ ವರ್ಷ ಕಡ್ಲೆಹಿಂಡಿ ನೆನೆಸಿದ ಬಕೆಟು ಹಿಡಿದು ಜಾರಿದೆ.
ಜಾರಿದ್ದು ಒಂದಡಿ, ಮುರಿದದ್ದು ಮಣಿಕಟ್ಟು.
ಉಡುಪಿಯಲ್ಲಿ ಸ್ಕ್ಯಾನು ಮಾಡಿದ ಹುಡುಗ
ಮೈನಸ್ ಮೂರು ಪಾಯಿಂಟ್ ಒಂದು ಎಂದ.
ಮೈನಸ್ ಅಂದರೆ ಎಂತ ಅಂತ ನನಗೆ ಗೊತ್ತುಂಟು,
ಸೊಸೈಟಿಯ ಪಾಸ್‌ಬುಕ್ಕಿನಲ್ಲಿ ಒಮ್ಮೆ ಬಂದಿತ್ತು.

ನಾಲ್ಕು ತಿಂಗಳಾದರೂ ಎಲುಬಿನ ಸುದ್ದಿ ಇಲ್ಲ,
ಕೂದಲಿನದ್ದು ಬಂತು.
ಮೊದಲು ಬಚ್ಚಲಿನ ತೂತಿನಲ್ಲಿ. ಕಡ್ಡಿ ಹಾಕಿ ಎಳೆದರೆ
ಇಲಿಮರಿಯಷ್ಟು ದೊಡ್ಡದು.
“ಅಪರೂಪ,” ಎಂದರು ಡಾಕ್ಟರು, ಕನ್ನಡಕ ಹಣೆಗೇರಿಸಿ.
ಡಬ್ಬಿಯೊಳಗಿನ ಕಾಗದದಲ್ಲಿ ಉಂಟು, ಇರುವೆಯಂಥ ಅಕ್ಷರ;
ಪಕ್ಕದ ಮನೆಯ ಜೋಸ್ವಿನ್ ಫೋನಿನಲ್ಲಿ ದೊಡ್ಡದು ಮಾಡಿ ಓದಿದ,
ಓದಿ ನನ್ನ ತಲೆ ನೋಡದೆ ಗೋಡೆ ನೋಡಿದ.
“ಬಿಡಬೇಡಿ ಬಾಯೀ. ಇನ್ನೊಮ್ಮೆ ಬಿದ್ದರೆ ಸೊಂಟ.”
ವರ್ಷಕ್ಕೊಮ್ಮೆ ಹಾಕುವ ಡ್ರಿಪ್ ಉಂಟಂತೆ. ದರ ಕೇಳಿ
ಮಲ್ಲಿಗೆಯಲ್ಲಿ ಲೆಕ್ಕ ಹಾಕಿದೆ:
ಮದುವೆಯ ದಿನಗಳಲ್ಲಾದರೆ ಎಂಟು ಅಟ್ಟೆ,
ದರ ಬಿದ್ದಾಗ ನಲವತ್ತು.
ಮಳೆಗಾಲ ಕಳೆಯಲಿ ಎಂದೆ.

ಒಂದು ದಿನ ಕಟ್ಟೆಯಿಂದ ಚೆಂಡೊಂದು ವಾಪಸು ಬಂತು.
ಸದಿಯಣ್ಣ ಬೈಯಲಿಲ್ಲ.
ಹೂವಿನ ನಡುವಿನಿಂದ ಮೆಲ್ಲ ಎಳೆದು ತೋರಿಸಿದ:
ಮೊಳದುದ್ದದ ಬಿಳಿ ಕೂದಲು,
ಬಾಳೆನಾರಿನ ಜೊತೆ ನಾನೇ ಸೇರಿಸಿ ಕಟ್ಟಿದ್ದು.
ಮೂವತ್ತೆಂಟು ವರ್ಷದಲ್ಲಿ ನನ್ನ ಹೂ
ಹಿಂದೆ ಬಂದದ್ದು ಅದೊಂದೇ ಸಲ.
ನಾಚಿಕೆಯಿಂದ ನೆಲ ನೋಡಿದೆ. ಆದರೂ, ಸುಳ್ಳು ಯಾಕೆ,
ಕಳ್ಳಗಣ್ಣಿನಲ್ಲಿ ಗಂಟನ್ನೂ ನೋಡಿಕೊಂಡೆ.
ಕೂದಲು ಎಳೆದರೂ ಅದು ಸಡಿಲ ಆಗಿರಲಿಲ್ಲ.
ಮುರಿದು ಕೂಡಿದ ಕೈ ಹಾಕಿದ ಗಂಟು.
ಅವತ್ತಿನಿಂದ ತಲೆಗೆ ಬೈರಾಸು ಸುತ್ತಿ ಕಟ್ಟಲು ಕೂರುತ್ತೇನೆ.

ಮಾಂಯ್ ಉದುರಿದ್ದನ್ನು ಗೆರಟೆಯಲ್ಲಿ ಕೂಡಿಸಿಟ್ಟು
ಚೌರಿ ಮಾಡಿಸಿದ್ದಳು. ಪೆಟ್ಟಿಗೆಯ ತಳದಲ್ಲಿ ಇನ್ನೂ ಉಂಟು, ಕಪ್ಪಗೆ.
ಮೊನ್ನೆ ಇಟ್ಟು ನೋಡಿದೆ. ಕನ್ನಡಿಯಲ್ಲಿ ಅವಳ ತಲೆ, ನನ್ನ ಮುಖ.
ಇಬ್ಬರಿಗೂ ಸರಿ ಕಾಣಲಿಲ್ಲ.
ಸುತ್ತಿ ಮತ್ತೆ ಅಲ್ಲೇ ಇಟ್ಟೆ.

ನಾನು ಕಟ್ಟಿದ ಹೂ ವಿಮಾನ ಹತ್ತಿದೆ,
ನಾನು ನೋಡದ ಊರಿನ ಮದುಮಗಳ ಬೆನ್ನಿನ ಮೇಲೆ ಇಳಿದಿದೆ.
ನನ್ನ ಜಡೆಯೂ ಒಮ್ಮೆ ಇಡೀ ಚೆಂಡು ಹೊರುತ್ತಿತ್ತು.
ಈಗ ಪಿನ್ನು ಕೂಡ ನಿಲ್ಲುವುದಿಲ್ಲ.
ಇವತ್ತು ಏಳು ಮೊಗ್ಗು ಎಣಿಸಿದೆ, ಏಳೇ.
ಅಷ್ಟು ಸಣ್ಣ ಮಾಲೆಗೆ ಕಟ್ಟೆಯಲ್ಲಿ ದರ ಇಲ್ಲ.

ಪೂಜೆಯಲ್ಲಿ ಕಾಣಿಕೆಯ ಹೊತ್ತಿಗೆ ಜಾರಿ ಬಿತ್ತು.
ಹಿಂದಿನ ಬೆಂಚಿನ ಪುಟ್ಟಿ ಹೆಕ್ಕಿ, ಇಡೀ ಇಗರ್ಜಿಗೆ ಕೇಳುವ ಹಾಗೆ,
“ಆಂಟೀ, ನಿಮ್ಮ ತಲೆ ಬಿತ್ತು!”
ನಗು ತಡೆಯಲಾಗಲಿಲ್ಲ. ಪೌಲಿನ್ ಮೊಣಕೈಯಿಂದ ತಿವಿದಳು,
ಮತ್ತೆ ಅವಳೂ ಸೆರಗು ಬಾಯಿಗೆ ಹಿಡಿದಳು.
ತಿರುಗದೆ, ಬಾಗದೆ,
ಕೈಯನ್ನಷ್ಟೇ ಹಿಂದಕ್ಕೆ ಚಾಚಿ ತೆಗೆದುಕೊಂಡೆ.
ಒಂದು ಮೊಗ್ಗೂ ಗಂಟಿನಿಂದ ಕಳಚಿರಲಿಲ್ಲ.