ಬುಟ್ಟಿಯನ್ನು ನೋಡಬೇಡ

ಬಲೆ ಹಾಕಬಾರದ ಅರುವತ್ತೊಂದು ದಿನ.
ದಕ್ಕೆಯಲ್ಲಿ ಬೋಟುಗಳು ಒಂದರ ಪಕ್ಕೆಗೊಂದು ಒರಗಿವೆ,
ನನ್ನ ಡೀಸೆಲ್ ಪಂಪಿನ ಮೀಟರು ಸೊನ್ನೆಯಲ್ಲಿ.
ರಾತ್ರಿ ಕುದ್ರೋಳಿಯ ಬಾಡಿಗೆ ಕೋಣೆಯಲ್ಲಿ
ಕಂಪ್ಯೂಟರಿನ ಫ್ಯಾನು ಬೊಬ್ಬೆ ಹೊಡೆಯುವಾಗ
ನಾನು ಆಕಾಶದಲ್ಲೊಂದು ಬಂಕು ಕಟ್ಟುತ್ತೇನೆ.

ಈ ಯುದ್ಧವಿಮಾನದ ಆಟದಲ್ಲಿ ನಮ್ಮ ಕಡಲಿಲ್ಲ,
ಇರುವುದು ಯಾರದೋ ಕೊಲ್ಲಿ, ಯಾರದೋ ಮರಳು.
ಇರಲಿ. ದಾರಿಗುರುತಿಗೆ ಹೆಸರಿಡುವವನು ನಾನಲ್ಲವೇ:
ಒಂದು ತಣ್ಣೀರುಬಾವಿ, ಎರಡು ಸುರತ್ಕಲ್,
ಮೂರು ಕಾಪುವಿನ ದೀಪಸ್ತಂಭ.
ಅಲ್ಲಿಂದ ಪಡುವಕ್ಕೆ, ಇಪ್ಪತ್ತು ಸಾವಿರ ಅಡಿ ಮೇಲೆ,
ಜೋಡುಕರೆಯ ಹಾಗೆ ಎರಡು ನೇರ ಗೆರೆ,
ತುದಿಗೊಂದೊಂದು ಹೊರಳು.
ಅದರಲ್ಲಿ ಟ್ಯಾಂಕರ್ ವಿಮಾನ ಹೋಗುತ್ತದೆ, ಬರುತ್ತದೆ,
ಬೆನ್ನ ಹಿಂದೆ ಉದ್ದನೆಯ ಪೈಪು, ಪೈಪಿನ ತುದಿಗೆ ಬುಟ್ಟಿ.

ಮೊದಲು ಅಳಿಸಿದ್ದು ಶತ್ರುವನ್ನು.
ಆಮೇಲೆ ರೆಕ್ಕೆಯಿಂದ ಕ್ಷಿಪಣಿಗಳನ್ನು ಒಂದೊಂದಾಗಿ ಇಳಿಸಿದೆ.
ಉಳಿದದ್ದು ಗಾಳಿ, ಹಸಿದ ಒಂದು ವಿಮಾನ,
ಎಣ್ಣೆ ಹೊತ್ತ ಇನ್ನೊಂದು.

ಎರಡು ವಾರ ಕಾಡಿದ್ದು ಒಂದೇ ಅಂಕಿ:
ಹೊಸಬನಿಗೆ ಹೊರಡುವಾಗ ಎಷ್ಟು ಎಣ್ಣೆ ಕೊಡಲಿ?
ಹೆಚ್ಚು ಕೊಟ್ಟರೆ ಕಲಿಯುವ ದರ್ದೇ ಇಲ್ಲ.
ಕಮ್ಮಿಯಾದರೆ ಕೈ ನಡುಗುತ್ತದೆ,
ನಡುಗುವ ಕೈಗೆ ಬುಟ್ಟಿ ಸಿಕ್ಕುವುದಿಲ್ಲ.
ಸಾವಿರದ ಎಂಟುನೂರು ಕಿಲೋ ಎಂದು ಬರೆದೆ. ಅಳಿಸಿದೆ.
ಎರಡು ಸಾವಿರದ ಇನ್ನೂರು.
ನಾಲ್ಕು ಸಲ ತಪ್ಪಲು ಸಾಕು. ಐದನೆಯದಕ್ಕೆ ಮನೆಗೆ ಹೋಗು.

ಪರೀಕ್ಷೆಗೆ ಬಂದವನು ಅನ್ಶಿಫ್,
ಐಸ್ ಪ್ಲಾಂಟಿನ ಮೊಯ್ದಿನಬ್ಬರ ಮಗ, ಹದಿನೇಳು ವರ್ಷ;
ಸ್ಟಿಕ್ಕಿನ ಸ್ಪ್ರಿಂಗು ಮುರಿದದ್ದು ಅವನ ಅವಸರಕ್ಕೇ.
ಬುಟ್ಟಿ ಎಡಕ್ಕೆ, ಇವನು ಎಡಕ್ಕೆ.
ಬುಟ್ಟಿ ಮೇಲೆ, ಇವನು ಮೇಲೆ, ಅಷ್ಟರಲ್ಲಿ ಅದು ಕೆಳಗೆ.
ನಾಲ್ಕು ಸಲ ತಪ್ಪಿದ, ಮನೆಗೆ ಹೋಗಲಿಲ್ಲ.
ಐದನೆಯದಕ್ಕೆ ಟ್ಯಾಂಕರಿನ ಬಾಲಕ್ಕೇ ಗುದ್ದಿ
ಎರಡೂ ಉರಿಯುತ್ತ ಯಾರದೋ ಕೊಲ್ಲಿಗೆ ಬಿದ್ದವು.
ಪರದೆಯ ಮೇಲೆ ಕೆಂಪಕ್ಷರ: ವಿಫಲ.
"ನಿಮ್ಮ ಪಾಠವೇ ಸರಿಯಿಲ್ಲ ಮಾರಾಯ್ರೆ" ಅಂದ.

ಸರಿಯಿರಲಿಲ್ಲ.

ಮರುದಿನ ಲೋಲಾಕ್ಷ ತಾಂಡೇಲರನ್ನು ಕೇಳಿದೆ:
ನಡುಗಡಲಲ್ಲಿ ಇನ್ನೊಂದು ಬೋಟಿಗೆ ಡೀಸೆಲ್ ದಾಟಿಸುವಾಗ
ಎಲ್ಲಿ ನೋಡ್ತೀರಿ?
ಹರಿದ ಬಲೆಯ ಕಣ್ಣು ಹೆಣೆಯುತ್ತ, ತಲೆಯೆತ್ತದೆ ಹೇಳಿದರು:
"ಪೈಪು ನೋಡಿದವ ನೀರಿಗೆ.
ಆ ಬೋಟಿನ ಮೈ ನೋಡ್ಬೇಕು. ಅದು ಏಳುವಾಗ ನಾವೂ ಏಳ್ಬೇಕು.
ಪೈಪು ತಾನಾಗಿ ಬರ್ತದೆ."

ಆ ರಾತ್ರಿ ಕೆಂಪಕ್ಷರ ಕಿತ್ತೆ.
ಬುಟ್ಟಿಗಿಂತ ಮೊದಲೊಂದು ಹಂತ ಸೇರಿಸಿದೆ:
ಹದಿನೈದು ಅಡಿ ಹಿಂದೆ ನಿಲ್ಲು,
ರೆಕ್ಕೆಯಡಿಯ ಬಣ್ಣದ ಪಟ್ಟಿ ನೋಡುತ್ತ
ಎರಡು ನಿಮಿಷ ಸುಮ್ಮನೆ ಜೊತೆಗಿರು. ಏನನ್ನೂ ಹಿಡಿಯಬೇಡ.
ತೂಗಾಡಿದರೆ ಎಣಿಕೆ ಮತ್ತೆ ಸೊನ್ನೆಯಿಂದ.
ಟ್ಯಾಂಕರಿಗೆ ಇದ್ದ ಇಂಗ್ಲಿಷ್ ದನಿಯನ್ನೂ ತೆಗೆದು
ತಾಂಡೇಲರ ಗಂಟಲನ್ನು ಫೋನಿನಲ್ಲಿ ಹಿಡಿದು ಹಾಕಿದೆ,
ದಕ್ಕೆಯ ಕಾಗೆಗಳ ಸಮೇತ:
"ಮೆಲ್ಲ ಬಲ... ಮೆಲ್ಲ... ಉಂತು."

ಅನ್ಶಿಫ್ ನಕ್ಕ: ಇಷ್ಟು ಎತ್ತರದಲ್ಲಿ ಕಾಗೆಯಾ?
ಆಮೇಲೆ ನಗಲಿಲ್ಲ.
ಒಂದೂವರೆ ನಿಮಿಷದ ಹೊತ್ತಿಗೆ
ಅವನ ಭುಜ ಕಿವಿಯಿಂದ ಕೆಳಗಿಳಿಯಿತು.
ಬುಟ್ಟಿ ಯಾವಾಗ ಬಂದು ಕೂತಿತೋ ಇಬ್ಬರೂ ಕಾಣಲಿಲ್ಲ.
ಅಂಕಿ ಏರತೊಡಗಿತು: ಎಂಟುನೂರು,
ಎಂಟುನೂರ ನಲವತ್ತು,

ಎಂಟುನೂರ ತೊಂಬತ್ತಕ್ಕೆ ಕರೆಂಟು ಹೋಯಿತು.

ಕತ್ತಲಲ್ಲಿ ಹಾಗೇ ಕೂತೆವು. ಬೈಯಲಿಲ್ಲ ಅವನು.
ಮೊಬೈಲಿನ ಟಾರ್ಚು ಹಾಕಿ ನೋಡಿದರೆ
ಕೈ ಇನ್ನೂ ಸ್ಟಿಕ್ಕಿನ ಮೇಲೆ,
ಹಗುರವಾಗಿ,
ಯಾವುದಕ್ಕೋ ಹದಿನೈದು ಅಡಿ ಹಿಂದೆ.