ಅರವತ್ತೊಂದನೆಯ ಪುಟ

ಮುನ್ನೂರು ಪ್ರತಿ, ಹನ್ನೆರಡು ರಟ್ಟಿನ ಪೆಟ್ಟಿಗೆ.
ಪುವೆರ್ತೊ ಮೊಂತಿನ ಮುದ್ರಕ ದೋನ್ ಅಬೆಲಾರ್ದೊ
ತಾನೇ ವ್ಯಾನಿನಿಂದ ಇಳಿಸಿ, ಬಾಕಿ ಎಣಿಸಿಕೊಂಡು,
ಸಂಜೆಯ ಫೆರಿ ತಪ್ಪೀತೆಂದು ಚಹಾ ಕುಡಿಯದೆ ಹೋದ.
ಒಲೆಯ ಪಕ್ಕ ಕೂತು ಮೊದಲ ಪ್ರತಿಗೆ ಮೂಗು ಹಚ್ಚಿದೆ.
ಆಮೇಲೆ ಓದಿದೆ. ಅರವತ್ತೊಂದನೆಯ ಪುಟದ
ಕೊನೆಯ ಸಾಲು ಇರಲಿಲ್ಲ.

ಎರಡನೆಯ ಪ್ರತಿಯಲ್ಲೂ ಇರಲಿಲ್ಲ.
ಹನ್ನೆರಡನೆಯ ಪೆಟ್ಟಿಗೆಯ ತಳದ ಪ್ರತಿಯಲ್ಲೂ.
‘ಅಣ್ಣ ದೋಣಿ ಬಿಚ್ಚಿದ ಆ ಬೆಳಿಗ್ಗೆ ಅಮ್ಮ’
ಎಂದು ಪುಟ ಮುಗಿಯುತ್ತದೆ. ಮಗುಚಿದರೆ
ಆಗಲೇ ಏಪ್ರಿಲ್, ಊರೆಲ್ಲ ಆಲೂಗಡ್ಡೆ ಅಗೆಯುತ್ತಿದೆ.

ಫೋನು ಮಾಡಿದೆ. ‘ಒಂದೇ ಸಾಲು ತಾನೇ, ಸೆನ್ಯೋರಾ ಹೆರ್ಮೀನಿಯಾ,
ಯಾರು ನೋಡುತ್ತಾರೆ?’ ಅಂದ.
ನಾನು ನೋಡುತ್ತೇನಲ್ಲ.
ಮತ್ತೆ ಅಚ್ಚು ಹಾಕಿಸಲು ಮಾರುವಂಥದ್ದೇನೂ ಉಳಿದಿರಲಿಲ್ಲ:
ಶೆಡ್ಡಿನಲ್ಲಿದ್ದ ಎವಾರಿಸ್ತೊನ ಹಳೆಯ ಇಂಜಿನ್ನೇ
ಹನ್ನೆರಡು ಪೆಟ್ಟಿಗೆಯಾಗಿ ಬಂದು ಕೂತಿತ್ತು.
ಸಾಂತಿಯಾಗೊದ ಪ್ರಕಾಶಕರು ಆರು ವರ್ಷದ ಹಿಂದೆಯೇ
ಬಹಳ ಮರ್ಯಾದೆಯಿಂದ ಬರೆದಿದ್ದರು:
ದ್ವೀಪದ ಕತೆಗೆ ದ್ವೀಪದಷ್ಟೇ ಓದುಗರು.

ಸರಿ. ಕರಿ ಶಾಯಿಯ ಪೆನ್ನು, ಹತ್ತರದೊಂದು ಕಟ್ಟು.
ಇಪ್ಪತ್ತೆಂಟು ವರ್ಷ ಮೀನಿನ ಕಾರ್ಖಾನೆಯಲ್ಲಿ
ಡಬ್ಬಿ ಎಣಿಸಿ ರಿಜಿಸ್ಟರು ತುಂಬಿದ ಕೈ ಇದು,
ಅಕ್ಷರ ಅಚ್ಚಿನ ಪಕ್ಕ ನಾಚದೆ ನಿಲ್ಲುತ್ತದೆ.
ಕಿಟಕಿಗೆ ಬರಲಿಲ್ಲ.
ಕಿಟಕಿಗೆ ಬರಲಿಲ್ಲ.
ಊದು, ಒಣಗಿಸು, ಮುಚ್ಚು, ಮುಂದಿನದು.
ಮೊದಲ ರಾತ್ರಿ ನಲವತ್ತು.
ನೂಲುವ ಉಣ್ಣೆ ಹಿಡಿದು ಬಂದ ಪಕ್ಕದ ಉರ್ಸುಲೀನಾ
‘ಮೇಷ್ಟ್ರು ಶಿಕ್ಷೆ ಕೊಟ್ಟ ಹಾಗಿದೆ’ ಎಂದು ನಕ್ಕಳು.

ಒಂದು ಮಾತನ್ನು ನೂರು ಸಲ ಬರೆದರೆ
ಮೊದಲು ಅರ್ಥ ಸವೆಯುತ್ತದೆ, ಆಮೇಲೆ ನಂಬಿಕೆ.
ನೂರಿಪ್ಪತ್ತನೆಯ ಪ್ರತಿಯಲ್ಲಿ ಪೆನ್ನು ತಡೆಯಿತು.
ಬಂದಿರಬಹುದು ಅವಳು ಕಿಟಕಿಗೆ.
ಬರಲಿಲ್ಲವೆಂದು ನಾನು ಹೇಗೆ ಕಂಡೆ?
ಕಾಣಬೇಕಾದರೆ ನಾನು ಎದ್ದಿರಬೇಕಿತ್ತು.

ಆ ಒಂದರಲ್ಲಿ ಬೇರೆ ಬರೆದೆ:
ನನ್ನನ್ನು ಎಬ್ಬಿಸಿದಳು. ನಾನು ಏಳಲಿಲ್ಲ.
ಊದಲಿಲ್ಲ, ಶಾಯಿ ತಾನೇ ಒಣಗಲಿ ಎಂದು ಬಿಟ್ಟೆ.
ಹರಿಯೋಣವೆನಿಸಿತು. ಪ್ರತಿಯೊಂದಕ್ಕೆ ನಾಲ್ಕು ಸಾವಿರ ಪೆಸೊ ಬಿದ್ದಿದೆ,
ಹರಿಯಲಿಲ್ಲ.
ಉಳಿದ ನೂರೆಂಬತ್ತರಲ್ಲಿ ಮತ್ತೆ
ಅಮ್ಮ ಕಿಟಕಿಗೆ ಬರಲಿಲ್ಲ.
ಪಾಪ, ಸತ್ತವಳು, ಹೊತ್ತುಕೊಂಡಳು.

ಈಗ ಚಕಾವೊ ಜಲಸಂಧಿಯ ಫೆರಿಯಲ್ಲಿ ಮಾರುತ್ತೇನೆ,
ಬಸ್ಸುಗಳು ಹಡಗಿನ ಮೇಲೆ ಸುಮ್ಮನೆ ನಿಂತಿರುವ ಅರ್ಧ ಗಂಟೆ.
ಎಂಪನಾದ ಬುಟ್ಟಿಯವಳು ಮುಂದಿನ ಬಾಗಿಲಿಂದ,
ಲಾಟರಿಯವ ಹಿಂದಿನಿಂದ, ನಡುವೆ ನಾನು.
ಪ್ರಕಾಶನ, ವಿತರಣೆ, ಮಾರಾಟ ವಿಭಾಗ,
ಎಲ್ಲವೂ ಈ ಒಂದೇ ಕೋಟಿನೊಳಗೆ.
‘ನಾನೇ ಬರೆದದ್ದು, ಕಾದಂಬರಿ’ ಅನ್ನುತ್ತೇನೆ.
ಎಚ್ಚರವಿದ್ದವರಿಗೆ ತಕ್ಷಣ ನಿದ್ದೆ ಬರುತ್ತದೆ.
ಸಾಲ್ಮನ್ ಸಾಕುವ ಕಡೆ ದುಡಿಯುವ ಹುಡುಗನೊಬ್ಬ
ಜೇಬಿನ ಚಿಲ್ಲರೆಯೆಲ್ಲ ಕೂಡಿಸಿ ಕೊಂಡ,
ಕಡಿಮೆ ಬಿದ್ದ ಐನೂರಕ್ಕೆ ಒಂದು ಕಿತ್ತಳೆ ಕೊಟ್ಟ.
ದಡ ಬರುವ ಮೊದಲೇ ತಿಂದೆ. ಹುಳಿ.

ಆ ಪ್ರತಿಗೆ ಗುರುತು ಹಾಕಿರಲಿಲ್ಲ.
ಪೆಟ್ಟಿಗೆಗಳು ಒಂದರೊಳಗೊಂದು ಕಲೆತುಹೋದವು.
ಇನ್ನು ಎಪ್ಪತ್ತಾರು ಉಳಿದಿವೆ, ಬಿಡಿಸಿ ಹುಡುಕುವುದಿಲ್ಲ.
ಯಾರಾದರೂ ಸಹಿ ಕೇಳಿದರೆ
ಮೊದಲ ಹಾಳೆಯಷ್ಟೇ ತೆರೆದು, ಬರೆದು, ಮುಚ್ಚಿ ಕೊಡುತ್ತೇನೆ.

ಹೋದ ಮಂಗಳವಾರ ಡೆಕ್ಕಿನ ಕಂಬಿಗೆ ಒರಗಿ
ನರ್ಸಿನ ಸಮವಸ್ತ್ರದ ಒಬ್ಬಳು ನಿಂತಿದ್ದಳು,
ಕೈಯಲ್ಲಿ ನನ್ನ ಪುಸ್ತಕ,
ನಡುವೆ ಎಲ್ಲೋ ಬೆರಳು ಸಿಕ್ಕಿಸಿಕೊಂಡು.
ನನ್ನನ್ನೇ ನೋಡಿದಳು, ಸ್ವಲ್ಪ ಹೆಚ್ಚೇ ಹೊತ್ತು.
‘ಕಾದಂಬರಿ ತಾನೇ ಇದು?’ ಅಂದಳು.
‘ಹೌದು’ ಅಂದೆ.
ತಲೆಯಾಡಿಸಿದಳು.
ಬೆರಳು ತೆಗೆಯಲಿಲ್ಲ.