ನೀರಾಗ ಇಳಿಸಿದ್ರೇನು?

ಶಹಾಪುರದ ಗುಡ್ಡದ ಮ್ಯಾಲ ಬುದ್ಧ ಮಲಗ್ಯಾನ,
ಗುಡ್ಡದ ಕೆಳಗ ನನ್ನ ಗಾಡಿ.
ಅವನ್ನ ಯಾರೂ ಎಬ್ಬಸಂಗಿಲ್ಲ.
ಇದನ್ನ ಹನ್ನೊಂದರೊಳಗ ಎಬ್ಬಸಬೇಕು:
ಗೋಗಿಯೊಳಗ ಅರಿಶಿಣ, ಕ್ಯಾಮೆರಾ ನಂದು,
ಮದುಮಗಳ ಅಣ್ಣ ಆಗಲೇ ಏಳು ಸಲ ಫೋನ್ ಮಾಡ್ಯಾನ.

ಕೀಲಿ ತಿರುವಿದ್ರ ಕಟ್ ಅನ್ನಂಗಿಲ್ಲ, ಕುಂಯ್ ಅನ್ನಂಗಿಲ್ಲ.
ಡ್ಯಾಶ್‌ಬೋರ್ಡಿನಾಗ ಒಂದು ಹಲ್ಲಿನ ಚಕ್ರ,
ಅದರ ಹೊಟ್ಟ್ಯಾಗ ಆಶ್ಚರ್ಯದ ಗುರ್ತು,
ಹಳದಿ,
ಸುಮ್ನ ನನ್ನ ಮಾರಿ ನೋಡ್ತದ.

ಲಾಡ್ಲೇಸಾಬ ಮಿಸ್ತ್ರಿ ಬಾನೆಟ್ ಎತ್ತಲಿಲ್ಲ.
ಹಳೇ ಟಯರಿನ ಮ್ಯಾಲ ಕುಂತು
"ಯಾವಾಗಿಂದ?" ಅಂದ.
"ಇವತ್ತ ಮುಂಜಾನಿಯಿಂದ."
"ನಿನ್ನೆ?"
"ನಿನ್ನೆ ಛಲೋ ಇತ್ತು."
"ನೀರಾಗ ಇಳಿಸಿದ್ರೇನು?"
"ಇಲ್ಲ."
ಹೂಂ, ಅಂದ.
ಬೀಡಿ ಸೇದಂಗಿಲ್ಲ ಅಂದವನ ಬೆರಳು ನೋಡಿ
ಡಾಕ್ಟರ್ ಹೂಂ ಅಂದಂಗ.

ಯಂಕೋಬ ಸ್ಕ್ಯಾನರ್ ಚುಚ್ಚಿದ.
ಒಂದು ಅಕ್ಷರ, ನಾಕು ಅಂಕಿ ಬಂದ್ವು.
"ಗೇರ್‌ಪೆಟ್ಟಿಗಿ ಅಂತದ ಉಸ್ತಾದ್. ಹೈದ್ರಾಬಾದಿಗಿ ಒಯ್ಯಬೇಕು.
ಎಂಬತ್ತು ಸಾವಿರ ಹಿಡೀರಿ."
ನನ್ನ ಎದಿಯೊಳಗ ಮೂರು ಲಗ್ನದ ಸೀಜನ್ನು
ಒಮ್ಮೆಲೇ ಕಡದು ಬಿದ್ದಂಗಾತು.
"ತಡಿಯೋ," ಅಂದ ಮಿಸ್ತ್ರಿ,
"ಅದು ಓಣಿ ಹೇಳ್ಯದ, ಮನಿ ಹೇಳಿಲ್ಲ."

ಮೀಟರ್ ಹಚ್ಚಿದ. ಹನ್ನೆರಡೂವರಿ.
"ಬ್ಯಾಟರಿ ಉಂಡು ಕುಂತದ.
ಹೆಡ್‌ಲೈಟ್ ಹಾಕು. ಈಗ ಕೀಲಿ ತಿರುವು."
ಬೆಳಕು ಕುಗ್ಗಲಿಲ್ಲ, ನಡುಗಲಿಲ್ಲ.
"ಸ್ಟಾರ್ಟರಿಗಿ ಹುಕುಮೇ ಮುಟ್ಟವಲ್ದು.
ನಡುವ ಯಾರೋ ಫೈಲ್ ಹಿಡಕೊಂಡು ಕುಂತಾರ."
ಆಮ್ಯಾಲ, ನನ್ನ ಕಡಿ ನೋಡದೇ,
"ಪಿ ಬಿಡು. ಎನ್ ಒಳಗ ಹಾಕಿ ತಿರುವು."

ತಿರುವಿದೆ.
ಗೇರಿನ ಕೋಲು ಹಿಡದ ನನ್ನ ಎಡಗೈ
ಯಾರೂ ಹೇಳದೇ ಎರಡು ಸಲ ಅಲುಗಾಡ್ತು,
ಚೂರು ಹಿಂದ, ಚೂರು ಮುಂದ,
ಕೂಸಿನ ಬೆನ್ನು ತಟ್ಟಿದಂಗ.
ಗಾಡಿ ಒಮ್ಮೆ ಕೆಮ್ಮಿ ಮಲಗ್ತು.
ಮಿಸ್ತ್ರಿ ಗಾಡಿ ನೋಡಲಿಲ್ಲ. ಕೈ ನೋಡಿದ.
"ಇವತ್ತ ಮುಂಜಾನಿ ಕಲಿತ ಕೈ ಅಲ್ಲ ಇದು."

ಇಪ್ಪತ್ತು ದಿನ ಆಗಿತ್ತು.
ಕಾಲುವಿಗಿ ನೀರು ಬಿಟ್ಟಿದ್ರು,
ಹುಡುಗ ಹುಡುಗಿಗಿ ವಿಡಿಯೋ ಬೇಕಿತ್ತು,
ಗಾಡಿ ನೀರು ಸೀಳಿಕೋತ ಬರಬೇಕಿತ್ತು,
ಎರಡೂ ಕಡಿ ರೆಕ್ಕಿ ಬಡದಂಗ.
ಮೂರು ಸಲ ಸೀಳಿದೆ. ನಾಕನೇದು ಡ್ರೋನಿಗಿ.
ಭಾಳ ಛಂದ ಬಂದದ ಅದು, ಬೇಕಂದ್ರ ತೋರಸ್ತೀನಿ.

ಮಿಸ್ತ್ರಿ ಬ್ಯಾಡ ಅಂದ.
ಗೋಣಿಚೀಲ ಹಾಸಿ ಅಡಿಗಿ ಹೋದ.
ಅಂಗೈಯಷ್ಟು ಸ್ವಿಚ್ಚು, ಅದರ ಸಾಕೆಟ್ಟು:
ಒಳಗ ಹಸರು ಕಿಲುಬು, ಒಣಗಿದ ರಾಡಿ,
ಮತ್ತ ಒಂದು ಭತ್ತದ ಹೊಟ್ಟು,
ಯಾರ ಗದ್ದಿದೋ.

"ಕೋಲು ಎಲ್ಲಿ ಅದ ಅಂತ ಗಾಡಿಗಿ ಹೇಳೋದು ಇದೇ.
ಇದು ಬಾಯಿ ಕಟ್ಟಿದ್ರ
ತಾ ಎಲ್ಲಿ ನಿಂತೀನಿ ಅನ್ನೋದೇ ಅದಕ್ಕ ತಿಳೀವಲ್ದು.
ತಿಳೀದೇ ಎದ್ರ ಮುಂದಿನವನ ಎದಿ ಮ್ಯಾಲ ಹೋಗ್ತದ.
ಅದಕ್ಕ ಏಳಲಿಲ್ಲ. ಹಟ ಅಲ್ಲ ಅದು,
ನಮಗಿಂತ ಶಾಣ್ಯಾ ಅದ."

ಪೆಟ್ರೋಲು, ಹಲ್ಲುಜ್ಜೋ ಹಳೇ ಬ್ರಷ್ಷು,
ಬಾಯಿಲೆ ಊದಿದ್ದು, ಬಿಸಲಿಗಿ ಹಿಡದದ್ದು.
ಪಿ. ಕೀಲಿ.
ಗಾಡಿ ಎದ್ದ ಸಪ್ಪಳಕ್ಕ
ಅಡಿಯೊಳಗ ನೆಳ್ಳಿಗಿ ಕುಂತ ಕೋಳಿ ಹಾರಿ ಹೋತು.

ಹಳದಿ ಮಾತ್ರ ಆರಲಿಲ್ಲ.
"ನಲವತ್ತು ಸಲ ಛಂದಾಗಿ ಎದ್ದ ಮ್ಯಾಲ
ತಾನೇ ಮರೀತದ. ಅವಸರ ಇದ್ರ ಯಂಕೋಬ ಅಳಸ್ತಾನ."
ಇರಲಿ ಬಿಡ್ರಿ, ಅಂದೆ.
ಮುನ್ನೂರು ರೂಪಾಯಿ.
ಕೆಲಸಕ್ಕ ನೂರು, ಪೆಟ್ರೋಲಿಗಿ ನೂರು,
ಮೂರನೇ ನೂರು ಯಾತಕ್ಕ ಅಂತ ನಾ ಕೇಳಲಿಲ್ಲ.

ಗೋಗಿಯೊಳಗ ಎಲ್ಲರ ಮಾರಿ ಹಳದಿ ಆಗಿತ್ತು.
ಅಣ್ಣ ಬಾಗಲದಾಗೇ ನಿಂತಿದ್ದ:
"ಯಾಕ ಇಷ್ಟ ತಡ?"
ಕುರಿ ಹಿಂಡು ಅಡ್ಡ ಬಂತು, ಅಂದೆ.
"ಎಷ್ಟ ಕುರಿ?"
ನಲವತ್ತು, ಅಂದೆ.